ಬಿಳಿ ಹಡಗಿನವರ ಕೆಲಸ ಏನು?

(ಕರಾವಳಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಡಲಿನ ಕಾವಲು ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಬಂದೂಕು ಹಿಡಿದ ಸೈನಿಕ, ಬೆನ್ನಟ್ಟುವ ದೋಣಿ, ಆ ಕಡೆ ಒಬ್ಬ ಶತ್ರು. ಅಲ್ವಾ? ಸಿನಿಮಾ ನೋಡಿ ನೋಡಿ ನಮಗೆಲ್ಲ ಅದೇ ಅಭ್ಯಾಸ. ಇವತ್ತು ನಾನು ಮಾತಾಡುವುದು ಭಾರತೀಯ ಕೋಸ್ಟ್ ಗಾರ್ಡ್ ಬಗ್ಗೆ. ಕನ್ನಡ ಪತ್ರಿಕೆಗಳಲ್ಲಿ ಇದನ್ನು ಕರಾವಳಿ ರಕ್ಷಣಾ ಪಡೆ, ತಟರಕ್ಷಣಾ ಪಡೆ ಎಂದೆಲ್ಲ ಬರೆಯುತ್ತಾರೆ. ಬಂದರಿನಲ್ಲಿ ಯಾರನ್ನಾದರೂ ಕೇಳಿ, ಕೋಸ್ಟ್ ಗಾರ್ಡ್ ಅಂತಲೇ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತೇನೆ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ನಮ್ಮ ಕಡಲಲ್ಲಿ ಸಮವಸ್ತ್ರ ಹಾಕಿಕೊಂಡು ಓಡಾಡುವವರು ಮುಖ್ಯವಾಗಿ ಮೂರು ತಂಡದವರು. ಬೂದು ಬಣ್ಣದ ದೊಡ್ಡ ಹಡಗು ಕಂಡರೆ ಅದು ನೌಕಾಪಡೆ, ಕಾರವಾರದಲ್ಲಿ ಅವರ ದೊಡ್ಡ ನೆಲೆಯೇ ಇದೆ. ಬಿಳಿ ಹಡಗಿನ ಮೈಮೇಲೆ ಓರೆಯಾಗಿ ಕೇಸರಿ ಮತ್ತು ನೀಲಿ ಪಟ್ಟೆ ಇದ್ದರೆ ಅದು ಕೋಸ್ಟ್ ಗಾರ್ಡ್. ಕರ್ನಾಟಕಕ್ಕೆ ಅವರ ಮುಖ್ಯ ಕಚೇರಿ ಮಂಗಳೂರಿನ ಪಣಂಬೂರಿನಲ್ಲಿದೆ. ದಡದ ಹತ್ತಿರ ಸಣ್ಣ ಬೋಟಿನಲ್ಲಿ ಗಸ್ತು ತಿರುಗುವವರು ಕರಾವಳಿ ಕಾವಲು ಪೊಲೀಸರು. ಅವರು ರಾಜ್ಯ ಸರಕಾರದವರು, ಕೇಂದ್ರ ಕಚೇರಿ ಮಲ್ಪೆಯಲ್ಲಿ. ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರ, ಹೀಗೆ ಒಂಬತ್ತು ಠಾಣೆಗಳಿವೆ.

ಇನ್ನೊಂದು ಗೊಂದಲವೂ ಇದೆ. ಮಳೆಗಾಲದಲ್ಲಿ ಉಳ್ಳಾಲದ ಕಡೆ ಕಡಲ್ಕೊರೆತ ಶುರುವಾಗಿ ತೆಂಗಿನ ಮರ, ಮನೆ, ರಸ್ತೆ ಎಲ್ಲ ನೀರುಪಾಲಾದಾಗ "ಕೋಸ್ಟ್ ಗಾರ್ಡ್ ಏನು ಮಾಡುತ್ತಿದೆ?" ಎಂದು ಕೇಳುವವರಿದ್ದಾರೆ. ಪಾಪ, ಅದು ಅವರ ಕೆಲಸ ಅಲ್ಲ. ಕಲ್ಲು ಹಾಕುವುದು, ತಡೆಗೋಡೆ ಕಟ್ಟುವುದು ರಾಜ್ಯದ ಕೆಲಸ. ಆ ಕಲ್ಲುಗಳ ಕಥೆ ಹೇಳಲು ಬೇರೆಯೇ ಒಂದು ಭಾಷಣ ಬೇಕು. ಇವತ್ತು ಬೇಡ.

ಸರಿ, ಈ ಪಡೆ ಹುಟ್ಟಿದ್ದು ಹೇಗೆ? ಕಳ್ಳಸಾಗಣೆಯಿಂದ. 1960 ಮತ್ತು 70ರ ದಶಕದಲ್ಲಿ ಕೊಲ್ಲಿ ದೇಶಗಳ ಕಡೆಯಿಂದ ಹಾಯಿದೋಣಿಗಳಲ್ಲಿ ಚಿನ್ನ, ವಾಚು, ರೇಡಿಯೋ, ಬಟ್ಟೆ ಎಲ್ಲ ಪಶ್ಚಿಮ ಕರಾವಳಿಗೆ ಬರುತ್ತಿತ್ತು. ಹಿಡಿಯಬೇಕಾದವರು ಕಸ್ಟಮ್ಸ್‌ನವರು. ಅವರ ಹತ್ತಿರ ಇದ್ದ ದೋಣಿಗಳು ಕಮ್ಮಿ, ವೇಗವೂ ಸಾಲದು. ನೌಕಾಪಡೆಯನ್ನು ಕರೆದರೆ ಬರುತ್ತಿತ್ತು. ಆದರೆ ಯುದ್ಧಕ್ಕೆಂದು ಕಟ್ಟಿದ ಹಡಗನ್ನು ವಾಚು ಸಾಗಿಸುವವನ ಹಿಂದೆ ಓಡಿಸುವುದು ದುಬಾರಿ ಬಾಬತ್ತು. ಅದೇ ಹೊತ್ತಿಗೆ, 1974ರಲ್ಲಿ, ಮುಂಬೈ ಆಚೆಯ ಕಡಲಿನ ಬಾಂಬೆ ಹೈನಲ್ಲಿ ತೈಲ ಸಿಕ್ಕಿತು. ಸಮುದ್ರದ ನಡುವೆ ಕೋಟಿಗಟ್ಟಲೆ ಬೆಲೆಯ ಆಸ್ತಿ ನಿಂತಿತು. ಕಾಯುವವರು ಯಾರು?

ಆ ವರ್ಷವೇ ಸರಕಾರ ಕೆ.ಎಫ್. ರುಸ್ತುಂಜಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಗಡಿ ಭದ್ರತಾ ಪಡೆಯನ್ನು, ಅಂದರೆ ಬಿಎಸ್‌ಎಫ್ ಅನ್ನು ಕಟ್ಟಿದವರು ಇವರೇ. ಸಮುದ್ರಕ್ಕೆ ಬೇರೆಯೇ ಒಂದು ಪಡೆ ಬೇಕು, ಅದು ರಕ್ಷಣಾ ಸಚಿವಾಲಯದ ಕೆಳಗಿರಲಿ ಎಂದು ಸಮಿತಿ ಹೇಳಿತು. 1977ರ ಫೆಬ್ರವರಿ 1ರಂದು ತಾತ್ಕಾಲಿಕವಾಗಿ ಪಡೆ ಶುರುವಾಯಿತು. 1978ರ ಆಗಸ್ಟ್‌ನಲ್ಲಿ ಕಾನೂನೂ ಬಂತು. ಮೊದಲ ಮುಖ್ಯಸ್ಥರು ವೈಸ್ ಅಡ್ಮಿರಲ್ ವಿ.ಎ. ಕಾಮತ್. ಅವರ ಕೈಗೆ ಸಿಕ್ಕಿದ್ದು ನೌಕಾಪಡೆಯ ಎರಡು ಹಳೆಯ ಯುದ್ಧನೌಕೆ, ಐದು ಗಸ್ತು ದೋಣಿ. ಒಟ್ಟು ಏಳು. ಇಡೀ ದೇಶದ ಕರಾವಳಿಗೆ! ಇವತ್ತು ಅವರ ಬಳಿ ಸುಮಾರು 150 ಹಡಗು ಮತ್ತು ಬೋಟುಗಳಿವೆ, ವಿಮಾನ, ಹೆಲಿಕಾಪ್ಟರ್‌ಗಳು ಬೇರೆ.

ಕಾಯಬೇಕಾದ ಜಾಗ ಎಷ್ಟು ಅನ್ನುವುದೂ ಗೊತ್ತಿರಲಿ. ಸಮುದ್ರದಲ್ಲಿ ದೂರ ಅಳೆಯುವುದು ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ದಡದಿಂದ 12 ಮೈಲಿವರೆಗೆ ನೀರು ಪೂರ್ತಿ ನಮ್ಮದು. ಅಲ್ಲಿ ನಮ್ಮ ಕಾನೂನೇ ಕಾನೂನು. 200 ಮೈಲಿವರೆಗೆ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗೆ, ಮೀನು, ತೈಲ, ಖನಿಜ ನಮ್ಮವು. ಆದರೆ ಹಡಗು ಓಡಿಸುವ ಹಕ್ಕು ಎಲ್ಲ ದೇಶಗಳಿಗೂ ಇದೆ. ಈ 200 ಮೈಲಿಯ ಲೆಕ್ಕ ಹಿಡಿದರೆ 20 ಲಕ್ಷ ಚದರ ಕಿಲೋಮೀಟರ್‌ಗೂ ಜಾಸ್ತಿ ನೀರು ಬರುತ್ತದೆ. ಕರಾವಳಿಯ ಉದ್ದವನ್ನೇ ಇತ್ತೀಚೆಗೆ ಹೊಸದಾಗಿ ಅಳೆದರು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು 7,516 ಕಿಲೋಮೀಟರ್. ಈಗ ಅದು 11,098. ಭೂಮಿ ಏನೂ ಹಿಗ್ಗಿಲ್ಲ. ಅಳಿವೆ, ಕೊಲ್ಲಿ, ನಡುಗಡ್ಡೆಯ ತಿರುವುಗಳನ್ನೆಲ್ಲ ಸೂಕ್ಷ್ಮವಾಗಿ ಅಳೆದರೆ ಸಂಖ್ಯೆ ದೊಡ್ಡದಾಗುತ್ತದೆ. ಕರ್ನಾಟಕದ್ದು 280ರಿಂದ 343 ಆಯಿತು. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಬೇಕಾದರೆ ಬರೆದುಕೊಳ್ಳಿ.

ಈಗ ನನಗೆ ಕುತೂಹಲ ಹುಟ್ಟಿಸಿದ ವಿಷಯಕ್ಕೆ ಬರುತ್ತೇನೆ. 1978ರ ಕಾನೂನಿನಲ್ಲಿ ಈ ಪಡೆಯ ಕರ್ತವ್ಯಗಳು ಏನೇನು ಅಂತ ಬರೆದಿದ್ದಾರೆ. ಸಮುದ್ರದ ಮಧ್ಯೆ ಇರುವ ತೈಲ ಬಾವಿಗಳ ರಕ್ಷಣೆ. ಕಷ್ಟದಲ್ಲಿರುವ ಮೀನುಗಾರರಿಗೆ ನೆರವು. ಸಮುದ್ರದ ಪರಿಸರ ಕಾಪಾಡುವುದು, ಮಾಲಿನ್ಯ ತಡೆಯುವುದು. ಕಸ್ಟಮ್ಸ್‌ಗೆ ಸಹಾಯ. ನಮ್ಮ ಕಡಲಿನ ಕಾನೂನು ಜಾರಿ. ಜೀವ, ಆಸ್ತಿ ಉಳಿಸುವುದು. ಓದುತ್ತಾ ಹೋದರೆ ಯುದ್ಧದ ಮಾತು ಬಹಳ ಕಮ್ಮಿ, ನೆರವಿನ ಮಾತೇ ಜಾಸ್ತಿ. ಒಡಿಶಾದ ಗಹಿರ್‌ಮಾಥಾದಲ್ಲಿ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಕಡಲಾಮೆಗಳಿಗೂ ಇವರದೇ ಕಾವಲು. ಪ್ರತಿವರ್ಷ ಆಮೆ ಬರುವ ಕಾಲಕ್ಕೆ ಹಡಗು, ವಿಮಾನ ಎರಡೂ ಅಲ್ಲಿರುತ್ತವೆ.

ಹಾಗಂತ ಬೆನ್ನಟ್ಟುವ ಕಥೆಗಳೇ ಇಲ್ಲ ಅಂತಲ್ಲ. ಒಂದನ್ನಂತೂ ಹೇಳಲೇಬೇಕು. 1999ರ ಅಕ್ಟೋಬರ್. ಅಲೋಂಡ್ರಾ ರೇನ್‌ಬೋ ಎಂಬ ಜಪಾನಿ ಹಡಗು ಇಂಡೊನೇಷ್ಯಾದಿಂದ ಸುಮಾರು 7,000 ಟನ್ ಅಲ್ಯೂಮಿನಿಯಂ ಹೇರಿಕೊಂಡು ಹೊರಟಿತು. ಕಡಲ್ಗಳ್ಳರು ಹತ್ತಿದರು. ಅದರಲ್ಲಿದ್ದ 17 ಜನರನ್ನು ಸಣ್ಣ ತೆಪ್ಪದಲ್ಲಿ ಕೂರಿಸಿ ನಡುನೀರಿನಲ್ಲಿ ಬಿಟ್ಟರು. ಅವರು ದಿನಗಟ್ಟಲೆ ಅಲೆದು, ಕೊನೆಗೆ ಥಾಯ್ ಮೀನುಗಾರರ ಕಣ್ಣಿಗೆ ಬಿದ್ದು ಬದುಕಿದರು. ಕಳ್ಳರು ಹಡಗಿಗೆ ಹೊಸ ಬಣ್ಣ ಬಳಿದು, ಮೆಗಾ ರಾಮಾ ಎಂದು ಹೆಸರು ಬರೆದು, ಅರಬ್ಬಿ ಸಮುದ್ರಕ್ಕೆ ಬಂದರು. ಕೋಸ್ಟ್ ಗಾರ್ಡ್‌ನ ವಿಮಾನ ಅದನ್ನು ಗುರುತಿಸಿತು. ತಾರಾಬಾಯಿ ಎಂಬ ಕೋಸ್ಟ್ ಗಾರ್ಡ್ ಹಡಗು ಬೆನ್ನಟ್ಟಿತು, ನೌಕಾಪಡೆಯ ಪ್ರಹಾರ್ ಬಂದು ಸೇರಿಕೊಂಡಿತು. ಕಳ್ಳರು ಹಡಗನ್ನೇ ಮುಳುಗಿಸಿ ಸಾಕ್ಷಿ ಅಳಿಸಲು ನೋಡಿದರು. ಆಗಲಿಲ್ಲ. 15 ಜನ ಸಿಕ್ಕಿಬಿದ್ದರು.

ಇದರ ಮುಂದಿನ ಭಾಗವನ್ನು ಜಾಸ್ತಿ ಜನ ಹೇಳುವುದಿಲ್ಲ. ಆಗ ನಮ್ಮಲ್ಲಿ ಕಡಲ್ಗಳ್ಳತನಕ್ಕೆಂದೇ ಒಂದು ಕಾನೂನು ಇರಲಿಲ್ಲ. ಮುಂಬೈಯ ಸೆಷನ್ಸ್ ಕೋರ್ಟು 2003ರಲ್ಲಿ ಶಿಕ್ಷೆ ಕೊಟ್ಟಿತು. 2005ರಲ್ಲಿ ಹೈಕೋರ್ಟಿನಲ್ಲಿ ಅವರು ಖುಲಾಸೆಯಾದರು. ಹಿಡಿದವರು ಸರಿಯಾಗಿಯೇ ಹಿಡಿದಿದ್ದರು, ಹಿಡಿದ ಮೇಲೆ ಹಾಕಲು ಸರಿಯಾದ ಕಲಮು ಇರಲಿಲ್ಲ. ಕಡಲ್ಗಳ್ಳತನ ತಡೆ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2022ರ ಡಿಸೆಂಬರ್‌ನಲ್ಲಿ. ಇಪ್ಪತ್ತಮೂರು ವರ್ಷ ಬೇಕಾಯಿತು!

ಆಮೇಲೆ 2008ರ ನವೆಂಬರ್ 26. ಮುಂಬೈ ದಾಳಿಯ ಕಥೆ ನಿಮಗೆ ಗೊತ್ತು. ಹತ್ತು ಮಂದಿ ಸಮುದ್ರದಲ್ಲಿ ಗುಜರಾತಿನ ಕುಬೇರ ಎಂಬ ಮೀನುಗಾರಿಕೆ ಬೋಟನ್ನು ವಶ ಮಾಡಿಕೊಂಡರು. ಮುಂಬೈ ಹತ್ತಿರ ಬಂದಾಗ ತಾಂಡೇಲನನ್ನು, ಅಂದರೆ ಬೋಟು ನಡೆಸುವವನನ್ನು, ಕೊಂದು, ರಬ್ಬರ್ ದೋಣಿಯಲ್ಲಿ ದಡಕ್ಕೆ ಬಂದರು. ಕುಬೇರ ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ? ಯಾಕೆಂದರೆ ಅದು ಎಲ್ಲ ಬೋಟುಗಳ ಹಾಗೇ ಇತ್ತು. ಸಾವಿರಾರು ಬೋಟುಗಳ ನಡುವೆ ಇನ್ನೊಂದು. ಅವರನ್ನು ಕಂಡು ಸಂಶಯಪಟ್ಟವರು, ಯಾರು ನೀವು ಎಂದು ಕೇಳಿದವರು, ಅವರು ಇಳಿದ ಮಚ್ಛೀಮಾರ್ ನಗರದ ಮೀನುಗಾರರು. ರೇಡಾರ್ ಅಲ್ಲ, ಹಡಗೂ ಅಲ್ಲ.

2009ರಲ್ಲಿ ವ್ಯವಸ್ಥೆ ಬದಲಾಯಿತು. ಒಟ್ಟಾರೆ ಕಡಲ ಭದ್ರತೆಯ ಹೊಣೆ ನೌಕಾಪಡೆಗೆ ಹೋಯಿತು. ದಡದ ಹತ್ತಿರದ ನೀರಿನ ಭದ್ರತೆಯ ಹೊಣೆ ಕೋಸ್ಟ್ ಗಾರ್ಡ್‌ಗೆ ಬಂತು, ಪೊಲೀಸರು ಗಸ್ತು ತಿರುಗುವ ಜಾಗವೂ ಸೇರಿ. ಕರಾವಳಿ ಉದ್ದಕ್ಕೂ ರೇಡಾರ್ ಸರಪಳಿ ಹಾಕಿದರು. ಮೊದಲ ಹಂತದಲ್ಲಿ 46 ಕಡೆ. ಇದನ್ನು ಮಾಡಿಕೊಟ್ಟಿದ್ದು ನಮ್ಮ ಬೆಂಗಳೂರಿನ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ಎಷ್ಟೋ ಕಡೆ ಹಳೆಯ ಲೈಟ್‌ಹೌಸ್ ಮೇಲೆಯೇ ರೇಡಾರ್ ಕೂತಿದೆ. ಮೀನುಗಾರರಿಗೆ ಗುರುತಿನ ಚೀಟಿ ಬಂತು. ಒಂದೊಂದು ರಾಜ್ಯದ ಬೋಟಿಗೆ ಒಂದೊಂದು ಬಣ್ಣ ಅಂತ ಆಯಿತು. ಇದೆಲ್ಲ ಒಳ್ಳೆಯದೇ. ಆದರೆ ಮೀನುಗಾರರ ದೃಷ್ಟಿಯಿಂದ ನೋಡಿ. ಅಲ್ಲಿಯವರೆಗೆ ಕಷ್ಟಕ್ಕೆ ಬರುತ್ತಿದ್ದ ಬಿಳಿ ಹಡಗು ಈಗ ನಿಲ್ಲಿಸಿ ಕಾಗದಪತ್ರ ಕೇಳುವ ಹಡಗೂ ಆಯಿತು. ಈ ಎರಡು ಮುಖ ಒಂದೇ ಸಮವಸ್ತ್ರದಲ್ಲಿ ಇರುವುದು ಸುಲಭ ಅಲ್ಲ.

ಇನ್ನು ಎಣ್ಣೆಯ ವಿಷಯ. ನಮ್ಮ ಊರಿನ ಎದುರೇ ನಡೆದದ್ದು. 2022ರ ಜೂನ್‌ನಲ್ಲಿ, ಮಳೆಗಾಲ ಜೋರಾಗಿದ್ದಾಗ, ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಚೀನಾದಿಂದ ಲೆಬನಾನ್‌ಗೆ ಹೊರಟಿತ್ತು. ಸುಮಾರು 8,000 ಟನ್ ಉಕ್ಕಿನ ಸುರುಳಿ ಅದರೊಳಗೆ. ತಳದಲ್ಲಿ ನೀರು ನುಗ್ಗತೊಡಗಿ, ಉಳ್ಳಾಲದ ಬಟ್ಟಪ್ಪಾಡಿ ಹತ್ತಿರ ಬಂದು ಕೂತಿತು. ಸಿರಿಯಾ ದೇಶದ 15 ಮಂದಿ ಸಿಬ್ಬಂದಿ. ಕೋಸ್ಟ್ ಗಾರ್ಡ್‌ನ ವಿಕ್ರಮ್ ಮತ್ತು ಅಮರ್ತ್ಯ ಹಡಗುಗಳು ಹೋಗಿ ಅಷ್ಟೂ ಜನರನ್ನು ಕರೆತಂದವು. ಜನ ಬಂದಾಯಿತು, ಕಥೆ ಮುಗಿಯಿತು ಅಂದುಕೊಂಡರೆ ಹಾಗಲ್ಲ. ಹಡಗಿನ ಹೊಟ್ಟೆಯಲ್ಲಿ 200 ಟನ್‌ಗೂ ಜಾಸ್ತಿ ಎಣ್ಣೆ ಇತ್ತು. ಅದು ಒಡೆದು ಹೊರಬಂದರೆ ಆ ಸಲದ ಮೀನುಗಾರಿಕೆಗೆ ಕಲ್ಲು. ಎಣ್ಣೆ ಸಂಗ್ರಹಿಸುವ ಉಪಕರಣಗಳಿರುವ ಸಮುದ್ರ ಪಾವಕ್ ಹಡಗನ್ನು ಗುಜರಾತಿನ ಪೋರಬಂದರಿನಿಂದ ಇಲ್ಲಿಗೆ ಕಳಿಸಿದರು.

ಎಣ್ಣೆ ಚೆಲ್ಲಿದರೆ ಇವರು ಮಾಡುವುದೇನು? ಮೊದಲು ವಿಮಾನ ಹಾರಿಸಿ ಎಣ್ಣೆ ಎಲ್ಲಿಯವರೆಗೆ ಹರಡಿದೆ, ಗಾಳಿ ಎತ್ತ ಎಂದು ನೋಡುತ್ತಾರೆ. ತೇಲುವ ಉದ್ದನೆಯ ರಬ್ಬರ್ ಬೂಮ್ ಹಾಕಿ ಎಣ್ಣೆ ಹರಡದ ಹಾಗೆ ಸುತ್ತುಗಟ್ಟುತ್ತಾರೆ. ಒಳಗೆ ಸೇರಿದ್ದನ್ನು ಸ್ಕಿಮ್ಮರ್ ಎಂಬ ಯಂತ್ರದಿಂದ ಎತ್ತಿ ಟ್ಯಾಂಕಿಗೆ ತುಂಬುತ್ತಾರೆ. ಆಳ ನೀರಿನಲ್ಲಾದರೆ ರಾಸಾಯನಿಕ ಸಿಂಪಡಿಸಿ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವುದೂ ಉಂಟು. ದಡದ ಹತ್ತಿರ ಆ ರಾಸಾಯನಿಕ ಬಳಸಲು ಹಿಂಜರಿಯುತ್ತಾರೆ. ಎಣ್ಣೆ ಕಣ್ಣಿಗೆ ಕಾಣದೆ ಹೋಗುತ್ತದೆ, ಆದರೆ ಮೀನಿನ ಮರಿಗಳು ಇರುವ ನೀರಿಗೇ ಇಳಿಯುತ್ತದೆ. ಇಂಥ ಅವಘಡಗಳಿಗೆ 1996ರಲ್ಲಿ ಒಂದು ರಾಷ್ಟ್ರೀಯ ಯೋಜನೆ ಆಗಿದೆ. ಅದರ ಪ್ರಕಾರ ಸಮುದ್ರದಲ್ಲಿ ಕೋಸ್ಟ್ ಗಾರ್ಡ್, ಬಂದರಿನೊಳಗೆ ಬಂದರಿನವರು, ಎಣ್ಣೆ ಮರಳಿಗೆ ಬಂದು ಬಿದ್ದರೆ ರಾಜ್ಯ ಸರಕಾರ. ಕಾಗದದಲ್ಲಿ ಚೆನ್ನಾಗಿದೆ. ಆದರೆ ಅಲೆಗೆ ಈ ಗಡಿಗಳು ಗೊತ್ತಿಲ್ಲ. ಮರಳಿಗೆ ಬಿದ್ದ ಮೇಲೆ ಬಾಲ್ದಿ, ಹಾರೆ ಹಿಡಿದು ಹೊರಡುವವರು ಯಾರು ಅನ್ನುವುದನ್ನು ಪ್ರತಿ ಜಿಲ್ಲೆಯೂ ಮೊದಲೇ ತಾಲೀಮು ಮಾಡಿಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

2025ರ ಮೇ, ಜೂನ್‌ನಲ್ಲಿ ಎರಡೇ ವಾರದ ಅಂತರದಲ್ಲಿ ಎರಡು ದೊಡ್ಡ ಅವಘಡ ಆಯಿತು. ಮೇ 25ರಂದು ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಮುಳುಗಿತು. 640 ಕಂಟೇನರ್ ಇತ್ತು, ಕೆಲವದರಲ್ಲಿ ನೀರು ತಾಗಿದರೆ ಉರಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್. 24 ಸಿಬ್ಬಂದಿಯನ್ನೂ ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಉಳಿಸಿದವು. ಆದರೆ ಸಣ್ಣ ಸಣ್ಣ ಪ್ಲಾಸ್ಟಿಕ್ ಮಣಿಗಳು ಕೇರಳದ ದಡದುದ್ದಕ್ಕೂ ಬಂದು ಬಿದ್ದವು. ಅದನ್ನು ಮರಳಿನಿಂದ ಹೆಕ್ಕುವುದು ಎಷ್ಟು ಕಷ್ಟ ಅಂತ ಯೋಚಿಸಿ. ಜೂನ್ 9ರಂದು ಕಣ್ಣೂರಿನ ಆಚೆ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ. 22 ಜನರಲ್ಲಿ 18 ಮಂದಿಯನ್ನು ಉಳಿಸಿ ಮಂಗಳೂರಿಗೆ ತಂದರು. ನಾಲ್ವರು ಕಾಣೆಯಾದರು. ಕೋಸ್ಟ್ ಗಾರ್ಡ್ ಹಡಗುಗಳು ದಿನಗಟ್ಟಲೆ ನೀರು ಹೊಡೆದವು. ಉರಿಯುತ್ತಿದ್ದ ಹಡಗಿನ ಮೇಲೆ ಹೆಲಿಕಾಪ್ಟರಿನಿಂದ ಜನರನ್ನು ಇಳಿಸಿ, ಹಗ್ಗ ಕಟ್ಟಿ, ಅದು ದಡಕ್ಕೆ ಬರದ ಹಾಗೆ ದೂರಕ್ಕೆ ಎಳೆದರು. ಮುಂಗಾರಿನ ಅಲೆಯಲ್ಲಿ! ಈ ಕೆಲಸದಲ್ಲಿ ಇವರೂ ಜೀವ ಕಳೆದುಕೊಳ್ಳುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಪೋರಬಂದರಿನ ಹತ್ತಿರ ಒಂದು ಟ್ಯಾಂಕರಿನಲ್ಲಿ ಗಾಯಗೊಂಡವರನ್ನು ಕರೆತರಲು ಹೋದ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ನಾಲ್ವರಲ್ಲಿ ಬದುಕಿದ್ದು ಒಬ್ಬರೇ.

ಈಗ ಮಲ್ಪೆಯ ಸುವರ್ಣ ತ್ರಿಭುಜ ಎಂಬ ಬೋಟಿನ ಕಥೆ. ಉಡುಪಿ, ಉತ್ತರ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರೊಂದಿಗೆ ಆಳಸಮುದ್ರಕ್ಕೆ ಹೊರಟ ಬೋಟು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. 15ರ ರಾತ್ರಿಯ ನಂತರ ಸಂಪರ್ಕ ಇಲ್ಲ. ಕೋಸ್ಟ್ ಗಾರ್ಡ್, ನೌಕಾಪಡೆ, ಪೊಲೀಸರು, ಮೀನುಗಾರರ ಬೋಟುಗಳು, ಎಲ್ಲರೂ ಹುಡುಕಿದರು. ಜನವರಿಯಲ್ಲಿ ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದರು. ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳ ಹೊತ್ತಿಗೆ, ಮಹಾರಾಷ್ಟ್ರದ ಮಾಲ್ವಣ್ ಆಚೆ, ಸುಮಾರು 60 ಮೀಟರ್ ಆಳದಲ್ಲಿ. ಪತ್ತೆ ಮಾಡಿದ್ದು ನೌಕಾಪಡೆಯ ನಿರೀಕ್ಷಕ್ ಹಡಗು. ನಾಲ್ಕೂವರೆ ತಿಂಗಳು ಆ ಏಳು ಮನೆಗಳವರು ಏನೂ ಗೊತ್ತಿಲ್ಲದೆ ಕಾದರು.

ಅಷ್ಟು ಹಡಗು, ವಿಮಾನ, ರೇಡಾರ್ ಇದ್ದೂ ಒಂದು ಬೋಟು ಎಲ್ಲಿದೆ ಅಂತ ಗೊತ್ತಾಗಲಿಲ್ಲ ಯಾಕೆ? ದೊಡ್ಡ ಹಡಗುಗಳಲ್ಲಿ ಎಐಎಸ್ ಎಂಬ ಯಂತ್ರ ಇರುತ್ತದೆ. ನಾನು ಇಂಥವನು, ಇಲ್ಲಿದ್ದೇನೆ, ಈ ದಿಕ್ಕಿಗೆ ಹೋಗುತ್ತಿದ್ದೇನೆ ಎಂದು ಅದು ಹೇಳುತ್ತಲೇ ಇರುತ್ತದೆ. ಸಣ್ಣ ಬೋಟುಗಳಿಗೆ ಆ ಕಡ್ಡಾಯ ಇಲ್ಲ. ದಡದ ರೇಡಾರಿನ ನೋಟಕ್ಕೂ ಮಿತಿ ಇದೆ. ಮರದ, ಫೈಬರಿನ ಬೋಟು ಅಲೆಗಳ ನಡುವೆ ಸರಿಯಾಗಿ ಕಾಣುವುದೂ ಇಲ್ಲ. ನನ್ನ ಪ್ರಕಾರ ನಮ್ಮ ಕಡಲ ಕಾವಲಿನ ನಿಜವಾದ ಕೊರತೆ ಇದೇ. ಕುಬೇರ ಯಾರಿಗೂ ಕಾಣಲಿಲ್ಲ, ಸುವರ್ಣ ತ್ರಿಭುಜವೂ ಕಾಣಲಿಲ್ಲ. ಒಂದರಲ್ಲಿ ಕೊಲ್ಲುವವರಿದ್ದರು, ಇನ್ನೊಂದರಲ್ಲಿ ದುಡಿಯುವವರಿದ್ದರು. ಎರಡು ಕಡೆಯೂ ತೊಂದರೆ ಒಂದೇ.

ಇದಕ್ಕೆ ಪರಿಹಾರದ ಒಂದು ತುದಿ ನಮ್ಮ ರಾಜ್ಯದಲ್ಲೇ ಇದೆ, ಅದೂ ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ. ಬೋಟಿನಲ್ಲಿರುವ ಅಪಾಯದ ಬೀಕನ್, ಅಂದರೆ ತುರ್ತು ಸಂಕೇತ ಕಳಿಸುವ ಯಂತ್ರ, ಒತ್ತಿದರೆ ಆ ಸಂದೇಶ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬರುತ್ತದೆ. ಅಲ್ಲಿಂದ ಮುಂಬೈ, ಚೆನ್ನೈ ಅಥವಾ ಅಂಡಮಾನಿನಲ್ಲಿರುವ ಕೋಸ್ಟ್ ಗಾರ್ಡ್‌ನ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ಇದರ ಮುಂದಿನ ಹೆಜ್ಜೆಯಾಗಿ ಇಸ್ರೋದ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್‌ಗಳನ್ನು, ಅಂದರೆ ಬೋಟು ಎಲ್ಲಿದೆ ಎಂದು ತಿಳಿಸುವ ಯಂತ್ರಗಳನ್ನು, ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಹಾಕುವ ಯೋಜನೆ 2024ರ ಆಗಸ್ಟ್‌ನಲ್ಲಿ ಶುರುವಾಗಿದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಸಂದೇಶ ಕಳಿಸಬಹುದು, ಪಡೆಯಬಹುದು. ತೂಫಾನು ಬರುತ್ತದೆ, ವಾಪಸ್ ಬನ್ನಿ ಎಂದು ದಡದಿಂದ ಹೇಳಬಹುದು.

ಆದರೆ ಯಂತ್ರ ಹಾಕುವುದು ಬೇರೆ, ಚಾಲೂ ಇಡುವುದು ಬೇರೆ. ಬಂದರಿನಲ್ಲಿ ಮಾತಿಗೆ ಕೂತರೆ ಅನುಮಾನಗಳು ಹೊರಬರುತ್ತವೆ. "ನಾವು ಎಲ್ಲಿ ಮೀನು ಹಿಡಿಯುತ್ತೇವೆ ಅಂತ ಎಲ್ಲರಿಗೂ ಗೊತ್ತಾಗುವುದಿಲ್ವಾ?" "ಪಕ್ಕದ ರಾಜ್ಯದ ನೀರಿಗೆ ಹೋದರೆ ಇದನ್ನೇ ಹಿಡಿದು ದಂಡ ಹಾಕಿದರೆ?" ಇವು ಸುಮ್ನೆ ತೆಗೆದ ನೆಪಗಳಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಈ ಯಂತ್ರದ ಮಾಹಿತಿಯನ್ನು ಜೀವ ಉಳಿಸಲು ಮಾತ್ರ ಬಳಸುತ್ತೇವೆಯೋ, ದಂಡ ಹಾಕಲೂ ಬಳಸುತ್ತೇವೆಯೋ ಅಂತ ಸರಕಾರ ಮೀನುಗಾರರ ಸಂಘಗಳ ಮುಂದೆ ನೇರವಾಗಿ ಹೇಳಬೇಕು. ಹೊಸ ಹಡಗು ನೀರಿಗಿಳಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಮಲ್ಪೆಯ ಧಕ್ಕೆಯಲ್ಲಿ, ಅಂದರೆ ಬೋಟುಗಳು ನಿಲ್ಲುವ ಕಟ್ಟೆಯಲ್ಲಿ, ಅಧಿಕಾರಿಯೊಬ್ಬರು ತಾಂಡೇಲರ ಜೊತೆ ಕೂತು ಮಾತಾಡಿದರೆ ಬರುವುದಿಲ್ಲ. ಆದರೆ ಎರಡನೆಯದಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಕೋಸ್ಟ್ ಗಾರ್ಡ್‌ನವರು ಮೀನುಗಾರರ ಊರುಗಳಿಗೆ ಹೋಗಿ ಇಂಥ ಸಭೆಗಳನ್ನು ಮಾಡುತ್ತಾರೆ. ಇನ್ನೂ ಜಾಸ್ತಿ ಮಾಡಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಇರುತ್ತದಲ್ಲ, ಆಗ ಎಲ್ಲರೂ ದಡದಲ್ಲೇ ಸಿಗುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದೆ. ಕೊನೆಗೆ ಎರಡು ಪ್ರಶ್ನೆ ಬಂದವು, ಅವನ್ನೂ ಸೇರಿಸಿದ್ದೇನೆ.

ಒಬ್ಬಳು ವಿದ್ಯಾರ್ಥಿನಿ ಕೇಳಿದಳು: "ನಮ್ಮಪ್ಪ ಬೋಟಿಗೆ ಹೋಗ್ತಾರೆ. ಅವರು ಹೇಳಿದ ಹೊತ್ತಿಗೆ ಬರದಿದ್ದರೆ ನಾವು ಯಾರಿಗೆ ಫೋನ್ ಮಾಡಬೇಕು?" 1554, ಇದು ಕೋಸ್ಟ್ ಗಾರ್ಡ್‌ನ ನಂಬರ್. 1093 ಕರಾವಳಿ ಕಾವಲು ಪೊಲೀಸರದ್ದು. ಬೋಟಿನ ಹೆಸರು, ನೋಂದಣಿ ಸಂಖ್ಯೆ, ಎಷ್ಟು ಜನ ಇದ್ದಾರೆ, ಯಾವ ಬಂದರಿನಿಂದ ಯಾವತ್ತು ಹೊರಟರು, ಕೊನೆಯ ಸಲ ಯಾವಾಗ ಮಾತಾಡಿದರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿಡಿ. ಪ್ರತಿ ಸಲ ಹೊರಡುವ ಮುಂಚೆ ತಾರೀಕು ಬದಲಾಯಿಸಿ. ಬೋಟಿನಲ್ಲಿ ಇರುವವರಿಗಾದರೆ ವೈರ್‌ಲೆಸ್‌ನ 16ನೇ ಚಾನೆಲ್, ಅದನ್ನು ಅಪಾಯದ ಕರೆಗೆಂದೇ ಇಟ್ಟಿದ್ದಾರೆ.

ಇನ್ನೊಬ್ಬ ಹುಡುಗ ಕೇಳಿದ್ದು, ಈ ಪಡೆಗೆ ಸೇರುವುದು ಹೇಗೆ ಅಂತ. ನಾವಿಕ್ ಜನರಲ್ ಡ್ಯೂಟಿ ಹುದ್ದೆಗೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಹತ್ತನೇ ತರಗತಿ ಆದವರಿಗೆ ಡೊಮೆಸ್ಟಿಕ್ ಬ್ರ್ಯಾಂಚ್ ಇದೆ. ಅಧಿಕಾರಿಯಾಗಬೇಕಾದರೆ ಪದವಿ ಬೇಕು, ಅದು ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆ. ಈಜು ಬರಬೇಕಾ ಅಂತಲೂ ಕೇಳಿದ. ಅಲ್ಲಿ ಕಲಿಸುತ್ತಾರೆ. ಆದರೆ ಕಡಲ ಬದಿಯಲ್ಲೇ ಹುಟ್ಟಿ ಬೆಳೆದವನು ಇನ್ನೂ ಈಜು ಕಲಿತಿಲ್ಲ ಅಂದರೆ ನಿನ್ನ ಅಜ್ಜ ಏನು ಹೇಳುತ್ತಾರೆ ಅಂತ ಕೇಳಿದೆ. ಸಭೆ ನಕ್ಕಿತು. ಹುಡುಗನೂ ನಕ್ಕ.